ಆನ್‌ಲೈನ್ ಅಂಗಡಿಯ ಉಡುಪು

ಯಾದಗಿರಿ ಜಿಲ್ಲೆಯ ಸುರಪುರಕ್ಕೆ ಹೊಂದಿಕೊಂಡು ರಂಗಂಪೇಟೆ ಇದೆ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯವರು ಬಟ್ಟೆಯ ಅಂಗಡಿ ಇಟ್ಟಿರುವರು. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಇವೆರಡೇ ಅವರ ಮುಖ್ಯ ಸರಕು. ಅಜ್ಜನ ಕಾಲದಲ್ಲಿ ಗಿರಾಕಿಗಳು ಸುತ್ತಣ ಹಳ್ಳಿಗಳಿಂದ ಬರುತ್ತಿದ್ದರು. ಈಗ ಅದೇ ಮನೆಗಳ ಹೆಣ್ಣುಮಕ್ಕಳು ಬೆಂಗಳೂರು, ಪುಣೆ, ದುಬೈಗಳಲ್ಲಿ ನೆಲೆಸಿರುವರು. ಗೋಮಿ ದಡಿಯ ಸೀರೆ ಉಂಟೇ, ಚಿತ್ರ ಕಳುಹಿಸುವಿರಾ ಎಂದು ಅವರು ಫೋನಿನಲ್ಲಿ ಕೇಳತೊಡಗಿದ ಮೇಲೆ, ಬಿ.ಎಸ್ಸಿ. ಮುಗಿಸಿ ಅಂಗಡಿಯಲ್ಲಿ ಕುಳಿತಿದ್ದ ಹುಡುಗನಿಗೆ ಆನ್‌ಲೈನ್ ಅಂಗಡಿಯನ್ನು ತೆರೆಯುವ ಮನಸ್ಸಾಯಿತು.

ತೆರೆಯುವುದೇನೋ ಕಷ್ಟವಾಗಲಿಲ್ಲ. ವರ್ಡ್‌ಪ್ರೆಸ್ ಎಂಬ ತಂತ್ರಾಂಶವನ್ನೂ, ಅದಕ್ಕೆ ವ್ಯಾಪಾರದ ಅನುಕೂಲಗಳನ್ನು ಜೋಡಿಸುವ ವೂಕಾಮರ್ಸ್ ಎಂಬ ಇನ್ನೊಂದನ್ನೂ ಆರಿಸಿಕೊಂಡ. ಅಂಗಡಿಗೆ ಹೊರರೂಪವನ್ನು ಕೊಡುವ ಸಿದ್ಧ 'ಥೀಮ್' ಒಂದನ್ನು ಕೊಂಡ. ಅದು ಅಂಗಿ, ಷರಾಯಿ, ಬೂಟುಗಳನ್ನು ಮಾರುವವರಿಗಾಗಿ ಮಾಡಿದ ಥೀಮು. ಅದನ್ನು ಸೀರೆಗೂ ಕನ್ನಡಕ್ಕೂ ಒಗ್ಗಿಸಲು ಒಬ್ಬ ಡೆವಲಪರನನ್ನು ಗೊತ್ತುಮಾಡಿ ಹನ್ನೆರಡು ಸಾವಿರ ರೂಪಾಯಿ ಕೊಟ್ಟ. ಕೆಲಸ ಚೆನ್ನಾಗಿಯೇ ಕಾಣುತ್ತಿತ್ತು. ದೀಪಾವಳಿಗೆ ಹತ್ತು ದಿನವಿರುವಾಗ ಒಂದು ಬೆಳಗ್ಗೆ ನೋಡಿದರೆ ಆ ಕೆಲಸವೆಲ್ಲ ಮಾಯವಾಗಿ, ಅಂಗಡಿಯು ಕೊಂಡ ದಿನದ ರೂಪದಲ್ಲಿ ನಿಂತಿತ್ತು. ಎಂಟು ಗಜದ ಸೀರೆಯ ಕೆಳಗೆ 'ಸ್ಮಾಲ್, ಮೀಡಿಯಂ, ಲಾರ್ಜ್' ಎಂದು ಮೂರು ಗುಂಡಿಗಳು!

ಹುಡುಗನು ನನ್ನಲ್ಲಿಗೆ ಬಂದು, "ಸರ್, ನಾ ಏನೂ ಮುಟ್ಟಿಲ್ರೀ. ಅಪ್‌ಡೇಟ್ ಅಂತ ಬಂದಿತ್ತು, ಒತ್ತಿದೆ, ಅಷ್ಟ" ಎಂದ. ಭೌತಶಾಸ್ತ್ರವನ್ನು ಪಾಠ ಹೇಳುವವನಿಗೆ ಅಂಗಡಿಯ ಈ ಕಾಯಿಲೆಯನ್ನು ತೋರಿಸಿದ್ದೇಕೆಂದು ಕೇಳಬಹುದು. ಹಳ್ಳಿಗಾಡಿನಲ್ಲಿ ವಿಜ್ಞಾನದ ಮೇಷ್ಟರೆಂದರೆ ರೇಡಿಯೋದಿಂದ ಪಂಪುಸೆಟ್ಟಿನವರೆಗೆ ಎಲ್ಲವನ್ನೂ ಬಲ್ಲವರೆಂಬ ನಂಬಿಕೆ ಇನ್ನೂ ಉಳಿದಿದೆ. ಅದನ್ನು ಸುಳ್ಳುಮಾಡಲು ಮನಸ್ಸು ಬಾರದೆ ನಾನೂ ಕುಳಿತು ನೋಡಿದೆ. ನೋಡುತ್ತ ಕಲಿತುದನ್ನು ಇಲ್ಲಿ ಬರೆದಿದ್ದೇನೆ. ಓದುಗರಲ್ಲಿ ಹಲವರು ಮುಂದೆ ಇಂತಹ ಕೆಲಸವನ್ನು ಮಾಡಿಸುವವರು, ಕೆಲವರಾದರೂ ಮಾಡುವವರು.

ಸರಕು ಬೇರೆ, ಉಡುಪು ಬೇರೆ

ಥೀಮ್ ಎಂದರೇನು? ಮದುವೆಯ ಕರೆಯೋಲೆಗಳನ್ನು ಅಚ್ಚುಹಾಕುವ ಮುದ್ರಣಾಲಯವನ್ನು ನೆನೆಯಿರಿ. ಗಣಪತಿಯ ಚಿತ್ರ, ಅಂಚಿನ ಬಳ್ಳಿ, ವಿನಂತಿಯ ಒಕ್ಕಣೆ, ಇವೆಲ್ಲ ಅಲ್ಲಿ ಮೊದಲೇ ಸಿದ್ಧವಾಗಿರುವುವು. ವಧೂವರರ ಹೆಸರು, ಮುಹೂರ್ತ, ಸ್ಥಳ, ಇಷ್ಟಕ್ಕೆ ಮಾತ್ರ ತೆರಪು ಬಿಟ್ಟಿರುವರು. ಆನ್‌ಲೈನ್ ಅಂಗಡಿಯಲ್ಲಿಯೂ ಸೀರೆಯ ಹೆಸರು, ಬೆಲೆ, ಚಿತ್ರ, ಉಳಿದಿರುವ ಸಂಖ್ಯೆ ಮುಂತಾದುವು ಒಂದು ಕೋಷ್ಟಕದಲ್ಲಿ ಬೇರೆಯಾಗಿಯೇ ಇರುತ್ತವೆ. ಥೀಮಿನಲ್ಲಿ ಇರುವುದು ತೆರಪುಗಳುಳ್ಳ ಅಚ್ಚುಗಳು. ಗಿರಾಕಿಯು ಪುಟವನ್ನು ಕೇಳಿದೊಡನೆ ದೂರದ ಗಣಕವು ಕೋಷ್ಟಕದಿಂದ ಹೆಸರನ್ನೂ ಬೆಲೆಯನ್ನೂ ತೆಗೆದು ಅಚ್ಚಿನ ತೆರಪುಗಳಲ್ಲಿ ತುಂಬಿ ಕಳುಹಿಸುತ್ತದೆ. ಇನ್ನೂರು ಸೀರೆಗಳಿಗೆ ಇನ್ನೂರು ಪುಟಗಳನ್ನು ಯಾರೂ ಬರೆದಿಟ್ಟಿರುವುದಿಲ್ಲ. ಇರುವ ಅಚ್ಚು ಒಂದೇ.

ಹುರುಳನ್ನೂ ರೂಪವನ್ನೂ ಹೀಗೆ ಬೇರ್ಪಡಿಸುವ ವಿಚಾರ ಜಾಲಕ್ಕೆ ಹೊಸದೇನಲ್ಲ. ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಿನೀವಾದ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಜಾಲದ ಯೋಜನೆಯನ್ನು ಮುಂದಿಟ್ಟರು. (ನಮ್ಮ ಶಾಸ್ತ್ರದವರ ಮನೆಯಲ್ಲಿ ಹುಟ್ಟಿದ ಕೂಸು ಅದು ಎಂದು ಭೌತವಿಜ್ಞಾನಿಗಳು ಹೆಮ್ಮೆಪಡಬಹುದು.) 1994ರ ಅಕ್ಟೋಬರಿನಲ್ಲಿ, ಸರ್ನ್‌ನಲ್ಲಿಯೇ ಕೆಲಸಮಾಡುತ್ತಿದ್ದ ನಾರ್ವೆಯ ಹೋಕನ್ ವಿಯಮ್ ಲೀ ಎಂಬವರು, ಪುಟದ ವಿಷಯವನ್ನು ಮುಟ್ಟದೆ ಅದರ ಬಣ್ಣ, ಅಳತೆ, ಅಂತರಗಳನ್ನು ಮಾತ್ರ ಬೇರೊಂದು ಹಾಳೆಯಲ್ಲಿ ನಮೂದಿಸುವ ವಿಧಾನವನ್ನು ಸೂಚಿಸಿದರು. ಅದೇ ಸಿ.ಎಸ್.ಎಸ್.; 1996ರ ಡಿಸೆಂಬರಿನಲ್ಲಿ ಅದರ ಮೊದಲ ಆವೃತ್ತಿ ಶಿಷ್ಟವಾಯಿತು. ಥೀಮ್ ಎಂಬುದು ಅಚ್ಚುಗಳು, ಸಿ.ಎಸ್.ಎಸ್. ಹಾಳೆಗಳು, ಪುಟದಲ್ಲಿ ಚಲನೆಯನ್ನುಂಟುಮಾಡುವ ಜಾವಾಸ್ಕ್ರಿಪ್ಟ್ ತುಣುಕುಗಳು, ಈ ಮೂರರ ಕಟ್ಟು.

ಇಂತಹ ಥೀಮುಗಳ ಪೇಟೆ ಬೆಳೆದ ಬಗೆ ಸ್ವಾರಸ್ಯವಾಗಿದೆ. ಜರ್ಮನಿಯಲ್ಲಿ ಹುಟ್ಟಿ ಕೆನಡಾದ ಒಟಾವಾದಲ್ಲಿ ನೆಲೆಸಿದ ಟೋಬಿ ಲ್ಯೂಟ್ಕೆ 2004ರಲ್ಲಿ ಗೆಳೆಯರೊಡನೆ ಹಿಮದ ಮೇಲೆ ಜಾರುವ ಹಲಗೆಗಳನ್ನು ಮಾರಲು ಅಂಗಡಿ ತೆರೆದರು. ದೊರೆಯುತ್ತಿದ್ದ ತಂತ್ರಾಂಶ ಯಾವುದೂ ಒಗ್ಗದೆ ತಾವೇ ಒಂದನ್ನು ಬರೆದರು. ಕಡೆಗೆ ಹಲಗೆಯ ವ್ಯಾಪಾರಕ್ಕಿಂತ ಆ ತಂತ್ರಾಂಶವೇ ಹೆಚ್ಚು ಬೇಡಿಕೆಯದೆಂದು ಕಂಡು, 2006ರಲ್ಲಿ ಅದನ್ನೇ ಶಾಪಿಫೈ ಎಂಬ ಹೆಸರಿನಿಂದ ಮಾರತೊಡಗಿದರು. ಅದರ ಅಚ್ಚುಗಳನ್ನು ಬರೆಯುವ ಭಾಷೆಗೆ ಲಿಕ್ವಿಡ್ ಎಂದು ಹೆಸರು. ಗಣಿತದಲ್ಲಿ ನಾವು ಬಳಸುವ ಪುಷ್ಪಾವರಣಗಳನ್ನು ಜೋಡಿಜೋಡಿಯಾಗಿ ಹಾಕಿ ಅವುಗಳ ನಡುವೆ 'ಇಲ್ಲಿ ಬೆಲೆ' 'ಇಲ್ಲಿ ಹೆಸರು' ಎಂಬ ಅರ್ಥದ ಪದಗಳನ್ನು ಬರೆದರೆ ತೆರಪು ಸಿದ್ಧವಾಯಿತು. ವರ್ಡ್‌ಪ್ರೆಸ್ 2003ರಲ್ಲಿಯೂ ವೂಕಾಮರ್ಸ್ 2011ರಲ್ಲಿಯೂ ಬಂದವು. ಭಾಷೆ ಬೇರೆಯಾದರೂ ತತ್ತ್ವ ಅದೇ.

ಈಗ ದೀಪಾವಳಿಯ ಅನಾಹುತಕ್ಕೆ ಬರೋಣ. ಥೀಮ್ ಮಾಡಿದವರು ದೋಷಗಳನ್ನು ತಿದ್ದಿ ಆಗಾಗ ಹೊಸ ಆವೃತ್ತಿಯನ್ನು ಹೊರಡಿಸುವರು. 'ಅಪ್‌ಡೇಟ್' ಗುಂಡಿಯನ್ನು ಒತ್ತಿದಾಗ ಹಳೆಯ ಕಡತಗಳನ್ನು ತೆಗೆದು ಅವುಗಳ ಜಾಗದಲ್ಲಿ ಹೊಸ ಕಡತಗಳನ್ನು ಇಡಲಾಗುತ್ತದೆ. ಮೊದಲನೆಯ ಡೆವಲಪರನು ತನ್ನ ತಿದ್ದುಪಡಿಗಳನ್ನೆಲ್ಲ ಮೂಲ ಕಡತಗಳಲ್ಲಿಯೇ ಬರೆದಿದ್ದ. ಹಳೆಯ ಗೋಡೆ ಬಿದ್ದಾಗ ಅದರ ಮೇಲೆ ಬರೆದ ಚಿತ್ರ ಉಳಿಯುವುದೆಂತು? ಇದರಲ್ಲಿ ಮೋಸವೇನೂ ಇರಲಿಲ್ಲ. ಅವಸರವಿತ್ತು, ಅಥವಾ ತಿಳಿವಳಿಕೆಯ ಕೊರತೆಯಿತ್ತು. ಮಾಡಿಸಿದವನಿಗೂ ಏನು ಕೇಳಬೇಕೆಂಬುದು ಗೊತ್ತಿರಲಿಲ್ಲ.

ಸರಿಯಾದ ದಾರಿ ವರ್ಡ್‌ಪ್ರೆಸ್ಸಿನಲ್ಲಿಯೇ ಉಂಟು. ಮೂಲ ಥೀಮನ್ನು ಮುಟ್ಟದೆ, ಅದರ ಪಕ್ಕದಲ್ಲಿ ಒಂದು 'ಮರಿ ಥೀಮ್' ಇಡುವರು. ಪುಟವನ್ನು ಕಟ್ಟುವಾಗ ಗಣಕವು ಪ್ರತಿಯೊಂದು ಅಚ್ಚನ್ನೂ ಮೊದಲು ಮರಿಯಲ್ಲಿ ಹುಡುಕುತ್ತದೆ; ಅಲ್ಲಿ ದೊರೆಯದಿದ್ದರೆ ಮಾತ್ರ ತಾಯಿಯ ಬಳಿಗೆ ಹೋಗುತ್ತದೆ. ತಾಯಿಯನ್ನು ಎಷ್ಟು ಸಲ ಹೊಸದಾಗಿಸಿದರೂ ಮರಿಯಲ್ಲಿ ಬರೆದುದು ಅಳಿಯದು. ಆದರೆ ಇದರಲ್ಲಿಯೂ ಒಂದು ಎಚ್ಚರ ಬೇಕು. ಒಂದು ಅಚ್ಚನ್ನು ಇಡಿಯಾಗಿ ನಕಲುಮಾಡಿ ಮರಿಯಲ್ಲಿಟ್ಟರೆ, ಮುಂದೆ ತಾಯಿಯಲ್ಲಿ ಆಗುವ ತಿದ್ದುಪಡಿಗಳು ಆ ಅಚ್ಚಿನ ಮಟ್ಟಿಗೆ ನಮಗೆ ದೊರೆಯುವುದಿಲ್ಲ. ನಕಲು ಹಳತಾಗುತ್ತ ಹೋಗುತ್ತದೆ. ಆದುದರಿಂದ ಬಲ್ಲವರು ನಕಲನ್ನು ಆದಷ್ಟು ಕಡಮೆಮಾಡಿ 'ಹುಕ್' ಎಂಬ ಕೊಂಡಿಗಳನ್ನು ಬಳಸುವರು. ಮೂಲವನ್ನು ಬರೆದವರೇ ಅಲ್ಲಲ್ಲಿ 'ಬೇಕಾದವರು ಇಲ್ಲಿ ತಮ್ಮದನ್ನು ಸೇರಿಸಬಹುದು' ಎಂದು ಬಿಟ್ಟಿರುವ ಕೊಂಡಿಗಳಿವು. ಬೆಲೆಯ ಕೆಳಗೆ ಒಂದು ಸಾಲು ಬೇಕೆಂದರೆ ಬೆಲೆಯ ಅಚ್ಚನ್ನು ಬದಲಿಸಬೇಕಾಗಿಲ್ಲ. ಅಲ್ಲಿಯ ಕೊಂಡಿಗೆ ನಮ್ಮ ಸಾಲನ್ನು ಸಿಕ್ಕಿಸಿದರೆ ಸಾಕು.

ಇದನ್ನು ವಿವರಿಸಿದಾಗ ಹುಡುಗನ ತಂದೆಗೆ ನನಗಿಂತ ಬೇಗ ಅರ್ಥವಾಯಿತು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆಗಳನ್ನು ಸೆರಗಿನ ಎಳೆಗಳಿಗೆ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುವರು. ನೇಕಾರರು ಇದನ್ನು ಟೋಪ್ ತೆನಿ ಎನ್ನುವರು. ಒಡಲು ಹತ್ತಿಯದಿರಲಿ, ರೇಷ್ಮೆಯದಿರಲಿ, ಸೆರಗು ತನ್ನ ಬಣ್ಣವನ್ನೂ ತೆನೆಯನ್ನೂ ಬಿಡುವುದಿಲ್ಲ. "ಹಂಗಾರ ಅವ ಒಡಲಿನ್ಯಾಗ ಸೆರಗ ನೇಯ್ದಾನ" ಎಂದರು ಅವರು. ಇಷ್ಟು ಚೊಕ್ಕವಾಗಿ ನನಗೆ ಹೇಳಲಾಗಿರಲಿಲ್ಲ.

ಲ್ಯಾಟಿನ್ನಿನ ಅಳತೆಯಲ್ಲಿ ಕನ್ನಡ

ದುರಸ್ತಿಗೆ ಎರಡನೆಯ ಡೆವಲಪರಳನ್ನು ಗೊತ್ತುಮಾಡಿದೆವು. ಹುಬ್ಬಳ್ಳಿಯಲ್ಲಿ ಕುಳಿತು ಕೆಲಸ ಮಾಡುವ ಹೆಣ್ಣುಮಗಳು. ಇಂತಹ ಅಂಗಡಿಗಳ ಥೀಮುಗಳನ್ನು ತಿದ್ದುವುದೊಂದೇ ಆಕೆಯ ಕಸುಬು. ಆಕೆ ಬಣ್ಣವನ್ನಾಗಲಿ ಚಿತ್ರವನ್ನಾಗಲಿ ಮೊದಲು ವಿಚಾರಿಸಲಿಲ್ಲ. "ನಿಮ್ಮ ಗಿರಾಕಿಗಳು ಯಾವ ಫೋನಿನ್ಯಾಗ ನೋಡ್ತಾರ್ರೀ?" ಎಂದು ಕೇಳಿದಳು. ನಮ್ಮ ಹುಡುಗನು ಅಂಗಡಿಯನ್ನು ಯಾವಾಗಲೂ ದೊಡ್ಡ ಗಣಕದ ಪರದೆಯಲ್ಲಿ ನೋಡಿ ಸಂತೋಷಪಡುತ್ತಿದ್ದವನು. ಸಾಧಾರಣ ಬೆಲೆಯ ಒಂದು ಫೋನಿನಲ್ಲಿ ತೆರೆದು ನೋಡಿದಾಗ ದೋಷಗಳು ಒಂದೊಂದಾಗಿ ಹೊರಬಂದವು. ಅವುಗಳಲ್ಲಿ ಅರ್ಧ ಕನ್ನಡ ಲಿಪಿಗೆ ಸಂಬಂಧಿಸಿದವು. ಕನ್ನಡದ ಓದುಗರಿಗೆ ಈ ಭಾಗವೇ ಮುಖ್ಯವೆಂದು ನನ್ನ ಎಣಿಕೆಯಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಗಣಕವು ಕನ್ನಡವನ್ನು ಯೂನಿಕೋಡ್ ಎಂಬ ಸಂಕೇತಕ್ರಮದಲ್ಲಿ ಇಟ್ಟುಕೊಳ್ಳುತ್ತದೆ. ನಾವು ಒಂದೇ ಅಕ್ಷರವೆಂದು ಎಣಿಸುವುದು ಅದಕ್ಕೆ ಹಲವು ಸಂಕೇತಗಳು. 'ವಸ್ತ್ರ' ಎಂಬ ಮಾತನ್ನು ನೋಡಿರಿ. ನಮಗೆ ಎರಡು ಅಕ್ಷರ. ಗಣಕಕ್ಕೆ ವ, ಸ, ವಿರಾಮಚಿಹ್ನೆ, ತ, ಮತ್ತೊಂದು ವಿರಾಮಚಿಹ್ನೆ, ರ, ಹೀಗೆ ಆರು ಸಂಕೇತಗಳು. (ಇಲ್ಲಿ ವಿರಾಮವೆಂದರೆ ವ್ಯಂಜನದ ಅಕಾರವನ್ನು ತೆಗೆದುಹಾಕುವ ಗುರುತು.) ಸಂಕೇತಗಳನ್ನು ಓದಿ, ತಕಾರ ರಕಾರಗಳನ್ನು ಒತ್ತಾಗಿಸಿ, ಸಕಾರದ ಜೊತೆಯಲ್ಲಿ ಕೂಡಿಸಿ ಚಿತ್ರಿಸುವುದು ಅಕ್ಷರಶೈಲಿಯ ಕಡತ, ಅಂದರೆ ಫಾಂಟು, ಮತ್ತು ಅದನ್ನು ಓದುವ ತಂತ್ರಾಂಶ.

ಥೀಮ್ ಬರೆದವನು ಎಲ್ಲಿಯೋ ಕುಳಿತು, ಪರದೆ ಚಿಕ್ಕದಾದುದರಿಂದ ಸರಕಿನ ಹೆಸರನ್ನು ಇಷ್ಟು ಸಂಕೇತಗಳಿಗೆ ಕತ್ತರಿಸಿ ಮೂರು ಚುಕ್ಕಿ ಇಡು ಎಂದು ಬರೆದಿರುತ್ತಾನೆ. ಲ್ಯಾಟಿನ್ ಲಿಪಿಯಲ್ಲಿ ಎಲ್ಲಿ ಕತ್ತರಿಸಿದರೂ ಅಕ್ಷರ ಉಳಿಯುತ್ತದೆ. 'ಇಳಕಲ್ ವಸ್ತ್ರ' ಎಂಬುದನ್ನು ಎಂಟನೆಯ ಸಂಕೇತದಲ್ಲಿ ಕತ್ತರಿಸಿದರೆ 'ಇಳಕಲ್ ವಸ' ಎಂದಾಗುತ್ತದೆ. ಹತ್ತನೆಯದರಲ್ಲಿ ಕತ್ತರಿಸಿದರೆ 'ಇಳಕಲ್ ವಸ್ತ'. ಇದು ಸಂಕ್ಷೇಪವಲ್ಲ, ತಪ್ಪು ಕನ್ನಡ. ಹಾಗೆಯೇ ಹೆಸರಿನ ಮೊದಲ ಅಕ್ಷರವನ್ನು ವೃತ್ತದೊಳಗೆ ತೋರಿಸುವ ಶೃಂಗಾರವೊಂದು ಅನೇಕ ಥೀಮುಗಳಲ್ಲಿ ಉಂಟು. 'ಶ್ರೀ' ಎಂದು ಆರಂಭವಾಗುವ ಹೆಸರಿನಿಂದ ಮೊದಲನೆಯ ಸಂಕೇತವನ್ನು ಮಾತ್ರ ತೆಗೆದರೆ ಉಳಿಯುವುದು 'ಶ'. ಇದಕ್ಕೆ ಪರಿಹಾರವೆಂದರೆ ಎಣಿಕೆಯಿಂದ ಕತ್ತರಿಸುವುದನ್ನು ಬಿಟ್ಟು, ಹೆಸರಿಗೆ ಎರಡು ಸಾಲಿನ ಜಾಗವನ್ನು ಕೊಡುವುದು. ಆಕೆ ಮಾಡಿದ್ದೂ ಅದನ್ನೇ.

ಇನ್ನೊಂದು ದೋಷ ಕಣ್ಣಿಗೆ ಬೇಗ ಬೀಳುವಂಥದು. ಇಂಗ್ಲಿಷಿನಲ್ಲಿ ಸಾಲಿನಿಂದ ಕೆಳಗಿಳಿಯುವ ಅಕ್ಷರಗಳು ಕೆಲವೇ. ಅವುಗಳ ಬಾಲವೂ ಚಿಕ್ಕದು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇನ್ನೊಂದು ಮಹಡಿಯನ್ನೇ ಕಟ್ಟುತ್ತವೆ. ಮೇಲೆ ಗುಣಿಸುಗಳ ಕೊಂಬು. ಅಕ್ಷರದ ಅಳತೆ 16 ಘಟಕವಿದ್ದು ಸಾಲಿನ ಎತ್ತರವನ್ನು ಅದರ 1.2 ಪಟ್ಟು ಎಂದು ಥೀಮಿನಲ್ಲಿ ಬರೆದಿದ್ದರೆ ಸಾಲಿಗೆ ಸಿಗುವುದು 19.2 ಘಟಕ. ಅದರ ಜೊತೆಗೆ, ಹೊರಚಾಚಿದುದನ್ನು ಮರೆಮಾಡು ಎಂಬ ಆಜ್ಞೆಯೂ ಇದ್ದರೆ, ಒತ್ತುಗಳು ಸೊಂಟದವರೆಗೆ ಕತ್ತರಿಸಿ ಹೋಗುತ್ತವೆ. 1.6 ಪಟ್ಟು, ಎಂದರೆ 25.6 ಘಟಕ ಕೊಟ್ಟಾಗ ಅಂಗಡಿಯ ಹೆಸರುಗಳು ನೆಟ್ಟಗಾದವು. ಒಂದು ಸಂಖ್ಯೆಯನ್ನು ಬದಲಿಸುವ ಕೆಲಸ. ಆದರೆ ಯಾವ ಸಂಖ್ಯೆ, ಯಾವ ಕಡತದ ಯಾವ ಸಾಲಿನಲ್ಲಿ ಎಂಬುದನ್ನು ತಿಳಿದಿರುವುದಕ್ಕೇ ನಾವು ಹಣ ಕೊಡುವುದು.

ಫಾಂಟಿನ ವಿಚಾರವೂ ಹೀಗೆಯೇ. ಥೀಮಿನೊಡನೆ ಬಂದ ಸೊಗಸಾದ ಫಾಂಟಿನಲ್ಲಿ ಕನ್ನಡದ ಅಕ್ಷರಗಳೇ ಇರುವುದಿಲ್ಲ. ಆಗ ಫೋನು ತನ್ನಲ್ಲಿರುವ ಯಾವುದೋ ಕನ್ನಡ ಫಾಂಟನ್ನು ತೆಗೆದು ತೇಪೆ ಹಾಕುತ್ತದೆ. ಆದುದರಿಂದ ಒಂದೇ ಅಂಗಡಿ ಒಂದೊಂದು ಫೋನಿನಲ್ಲಿ ಒಂದೊಂದು ಬಗೆಯಾಗಿ ಕಾಣುವುದು. ಯಾವ ಫಾಂಟೂ ಸಿಗದಿದ್ದರೆ ಬರುವುದು ಖಾಲಿ ಚೌಕ. ಇದನ್ನು ಆ ಕಸುಬಿನವರು 'ಟೋಫು' ಎಂದು ಹಾಸ್ಯಮಾಡುವರು. ಸೋಯಾ ಗಿಣ್ಣಿನ ತುಂಡಿನಂತೆ ಕಾಣುತ್ತದೆಂದು. ಗೂಗಲ್ ಸಂಸ್ಥೆಯ ನೋಟೋ ಫಾಂಟುಗಳ ಹೆಸರಿನ ಹಿಂದೆ 'ಟೋಫು ಬೇಡ' ಎಂಬ ಅರ್ಥವೇ ಅಡಗಿದೆ. ನೋಟೋ ಕನ್ನಡ ಫಾಂಟು ಉಚಿತವಾಗಿ ದೊರೆಯುತ್ತದೆ. ಇಂಗ್ಲಿಷಿನ ಓರೆ ಅಕ್ಷರಕ್ಕೆ ಕನ್ನಡದಲ್ಲಿ ಸಂಪ್ರದಾಯವಿಲ್ಲ. ಥೀಮು ಓರೆಯನ್ನು ಕೇಳಿದರೆ ಬ್ರೌಸರು ನೆಟ್ಟಗಿನ ಅಕ್ಷರವನ್ನೇ ವಾಲಿಸಿಬಿಡುತ್ತದೆ, ಗಾಳಿಗೆ ಬಾಗಿದ ಜೋಳದ ಹಾಗೆ. ಅದನ್ನು ತೆಗೆಸಿದೆವು.

ಬೆಲೆಯನ್ನು ಬರೆಯುವ ಕ್ರಮ ಸಣ್ಣದೆಂದು ತೋರಬಹುದು. ಅಲ್ಪವಿರಾಮವನ್ನು ಮೂರು ಮೂರು ಅಂಕಿಗೆ ಹಾಕುವುದು ಪಾಶ್ಚಾತ್ಯರ ರೂಢಿ. ನಮ್ಮಲ್ಲಿ 1,25,000 ಎಂದೇ ಬರೆಯಬೇಕು. ರೂಪಾಯಿಯ ಚಿಹ್ನೆಯು 2010ರಲ್ಲಿ ಅಂಗೀಕೃತವಾಗಿ ಅದೇ ವರ್ಷ ಯೂನಿಕೋಡಿಗೂ ಸೇರಿತು. ಆದರೂ ಕೆಲವು ಫಾಂಟುಗಳಲ್ಲಿ ಅದು ಇರುವುದಿಲ್ಲ.

ಭಾರ ಮತ್ತು ವೇಗ

ಇನ್ನುಳಿದ ದೋಷಗಳಲ್ಲಿ ಹೆಚ್ಚಿನವು ಭಾರದವು. ಇಲ್ಲಿ ನಮ್ಮ ಶಾಸ್ತ್ರದ ನೆರವೂ ಸಿಗುತ್ತದೆ. ಪುಟವು ತಡವಾಗಿ ಬರುವುದಕ್ಕೆ ಎರಡು ಬೇರೆ ಬೇರೆ ಕಾರಣಗಳುಂಟು, ಇವೆರಡನ್ನೂ ಗೊಂದಲಮಾಡಬಾರದು. ಒಂದು ದೂರ, ಇನ್ನೊಂದು ಗಾತ್ರ.

ಗಾಜಿನ ಎಳೆಯ ವಕ್ರೀಭವನಾಂಕ ಸುಮಾರು 1.47. ಆದುದರಿಂದ ಅದರಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಅಂಗಡಿಯ ಕಡತಗಳಿರುವ ಗಣಕವು ಎಳೆಯ ದಾರಿಯಲ್ಲಿ 12,000 ಕಿ.ಮೀ. ದೂರ ಇದೆ ಎಂದಿಟ್ಟುಕೊಳ್ಳೋಣ. ಹೋಗಿಬರುವ ಹಾದಿ 24,000 ಕಿ.ಮೀ.; ಅದಕ್ಕೆ ಬೇಕಾಗುವ ಕಾಲ 0.12 ಸೆಕೆಂಡು. ಮೊದಲ ಪುಟ ಬರುವ ಮುಂಚೆ ಸಂಪರ್ಕ ಬೆಳೆಸಲು ಒಂದು ಸಲ, ಗುಟ್ಟಿನ ಬೀಗಗಳನ್ನು ಹೊಂದಿಸಲು ಒಂದು ಸಲ, ಪುಟವನ್ನು ಕೇಳಿ ಪಡೆಯಲು ಒಂದು ಸಲ, ಹೀಗೆ ಸಾಮಾನ್ಯವಾಗಿ ಮೂರು ಸಲ ಹೋಗಿಬರಬೇಕು. ಬೇರೆ ಯಾವ ವಿಳಂಬವೂ ಇಲ್ಲದೆ 0.36 ಸೆಕೆಂಡು ಇದಕ್ಕೇ ಆಯಿತು. ಒಂದು ಸಲ ಹೋಗಿಬರುವ ಕಾಲವನ್ನು ಯಾವ ಡೆವಲಪರನೂ ಕಡಮೆಮಾಡಲಾರ. ಐನ್‌ಸ್ಟೈನರ ಅಪ್ಪಣೆ ಬೇಕು! ಕಡತಗಳನ್ನು ಹತ್ತಿರದ ಊರಿನ ಗಣಕಕ್ಕೆ ಸಾಗಿಸುವುದೊಂದೇ ಮಾರ್ಗ.

ಗಾತ್ರದ ವಿಚಾರ ನಮ್ಮ ಕೈಯಲ್ಲಿದೆ. ಹುಡುಗನು ಫೋನಿನಲ್ಲಿ ತೆಗೆದ ಸೀರೆಯ ಚಿತ್ರ 4000 × 3000, ಎಂದರೆ 1.2 ಕೋಟಿ ಬಿಂದುಗಳು. ಸಂಕೋಚನಗೊಳಿಸಿದ ಮೇಲೂ ಕಡತ 4 ಮೆಗಾಬೈಟು. ಗಿರಾಕಿಯ ಫೋನಿನ ಪರದೆಯ ಅಗಲ 1080 ಬಿಂದುಗಳು. ಆ ಅಗಲಕ್ಕೆ ಇಳಿಸಿದರೆ ಚಿತ್ರ 1080 × 810, ಎಂದರೆ ಒಂಬತ್ತು ಲಕ್ಷಕ್ಕೂ ಕಡಮೆ ಬಿಂದುಗಳು. ಸುಮಾರು ಹದಿನಾಲ್ಕರಲ್ಲಿ ಒಂದು ಪಾಲು. ಮಿಕ್ಕ ಹದಿಮೂರು ಪಾಲು ಬಿಂದುಗಳು ಸಮುದ್ರವನ್ನು ದಾಟಿ ಬಂದು ಯಾರ ಕಣ್ಣಿಗೂ ಕಾಣದೆ ವ್ಯರ್ಥವಾಗುತ್ತಿದ್ದವು. ಹಳ್ಳಿಯ ಕಡೆ ಸೆಕೆಂಡಿಗೆ 4 ಮೆಗಾಬಿಟ್ ದೊರೆತರೆ, 4 ಮೆಗಾಬೈಟು ಎಂದರೆ 32 ಮೆಗಾಬಿಟ್ ಬರಲು 8 ಸೆಕೆಂಡು ಬೇಕು. 300 ಕಿಲೋಬೈಟಿಗೆ ಇಳಿಸಿದರೆ 0.6 ಸೆಕೆಂಡು ಸಾಕು. ಒಳ್ಳೆಯ ಥೀಮಿನಲ್ಲಿ ಒಂದೇ ಚಿತ್ರದ ನಾಲ್ಕಾರು ಗಾತ್ರಗಳನ್ನು ಮಾಡಿಟ್ಟು, ಪರದೆಗೆ ತಕ್ಕುದನ್ನು ಮಾತ್ರ ಕಳುಹಿಸುವ ಏರ್ಪಾಡು ಇರುತ್ತದೆ. ಮೊದಲನೆಯ ಡೆವಲಪರನ ತಿದ್ದುಪಡಿಯಲ್ಲಿ ಅದು ತಪ್ಪಿಹೋಗಿತ್ತು. ಅಕ್ಷರಗಳ ಭಾರ ಇದರ ಮುಂದೆ ಏನೂ ಅಲ್ಲ. ಯೂನಿಕೋಡಿನ ರೂಢಿಯ ಬರೆವಣಿಗೆಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು; ಸಾವಿರ ಸಂಕೇತಗಳ ವಿವರಣೆಗೆ 3,000 ಬೈಟು ಮಾತ್ರ. ಕನ್ನಡದಲ್ಲಿ ಬರೆದರೆ ಪುಟ ಭಾರವಾಗುವುದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಇಂತಹ ವಿಷಯಗಳಿಗೆ ಅಳತೆಗೋಲುಗಳೂ ಹುಟ್ಟಿಕೊಂಡಿವೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಬೆರಳು ತಾಗಿದ 200 ಮಿಲಿಸೆಕೆಂಡಿನೊಳಗೆ ಪುಟ ಓಗೊಡಬೇಕು ಎಂಬುದು ಗೂಗಲ್ ಸಂಸ್ಥೆ ಇಟ್ಟಿರುವ ಮಟ್ಟ. ಮೂರನೆಯ ಅಳತೆಯೊಂದು ನನಗೆ ಬಹಳ ಮೆಚ್ಚುಗೆಯಾಯಿತು. ಓದುತ್ತಿರುವಾಗ ಮೇಲೆಲ್ಲಿಯೋ ಚಿತ್ರ ಬಂದು ಕುಳಿತು ಪುಟವೆಲ್ಲ ಕೆಳಗೆ ಜಾರುತ್ತದೆ. ಒಂದನ್ನು ಒತ್ತಲು ಹೋಗಿ ಇನ್ನೊಂದನ್ನು ಒತ್ತುತ್ತೇವೆ. ಈ ಜಾರುವಿಕೆಯನ್ನು ಎರಡು ಭಿನ್ನರಾಶಿಗಳ ಗುಣಲಬ್ಧದಿಂದ ಅಳೆಯುವರು: ಪರದೆಯ ಎಷ್ಟು ಪಾಲು ಕದಲಿತು, ಪರದೆಯ ಎಷ್ಟು ಪಾಲು ದೂರ ಸರಿಯಿತು. ಪರದೆಯ 0.6 ಭಾಗ ಕದಲಿ 0.2 ಭಾಗದಷ್ಟು ದೂರ ಸರಿದರೆ ಬೆಲೆ 0.12, ಮಿತಿ 0.1. ಚಿತ್ರದ ಅಗಲ ಎತ್ತರಗಳನ್ನು ಅಚ್ಚಿನಲ್ಲಿ ಮೊದಲೇ ಬರೆದಿಟ್ಟರೆ ಬ್ರೌಸರು ಜಾಗ ಕಾದಿರಿಸುತ್ತದೆ. ಆಗ ಈ ಬೆಲೆ ಸೊನ್ನೆಗೆ ಹತ್ತಿರವಾಗುತ್ತದೆ.

ಕೆಲಸಗಾರರನ್ನು ಗೊತ್ತುಮಾಡುವ ಬಗೆ

ಮೊದಲನೆಯವನಿಗೆ ಹುಡುಗನು ಹೇಳಿದ್ದು, ಅಂಗಡಿ ಚೆಂದ ಕಾಣಬೇಕು ಎಂದು. ಇಂತಹ ಮಾತನ್ನು ಯಾರೂ ಪೂರೈಸಲಾರರು, ಪೂರೈಸಿಲ್ಲವೆಂದು ಸಾಧಿಸಲೂ ಬಾರದು. ಎರಡನೆಯ ಸಲ ನಾವು ಒಂದು ಹಾಳೆಯಲ್ಲಿ ಬರೆದೆವು: ಸೀರೆಯ ಪುಟದಲ್ಲಿ ದಡಿ, ಒಡಲು, ಸೆರಗು ಎಂದು ಮೂರು ಚಿತ್ರಗಳು ಅದೇ ಕ್ರಮದಲ್ಲಿ ಬರಬೇಕು, ಸ್ಮಾಲ್, ಮೀಡಿಯಂ ತೆಗೆದು ಆರು, ಎಂಟು, ಒಂಬತ್ತು ಗಜಗಳ ಆಯ್ಕೆ ಇರಬೇಕು, ದಡಿಯ ಬಗೆಯಿಂದ, ಎಂದರೆ ಗೋಮಿ, ಚಿಕ್ಕಿ, ಗಾಡಿ ಎಂದು ಹುಡುಕಲು ಬರಬೇಕು, 'ವಸ್ತ್ರ' ಎಂಬ ಪದ ಯಾವ ಪುಟದಲ್ಲಿಯೂ ಕತ್ತರಿಸಿ ಹೋಗಬಾರದು, ಇಂಥ ಫೋನಿನಲ್ಲಿ ಮುಖ್ಯ ಚಿತ್ರ 2.5 ಸೆಕೆಂಡಿನೊಳಗೆ ಬರಬೇಕು. ಥೀಮನ್ನು ಹೊಸದಾಗಿಸಿದ ಮೇಲೂ ಇದೆಲ್ಲ ಹಾಗೆಯೇ ಇರಬೇಕು. ಕಡೆಯದನ್ನು ನಮ್ಮೆದುರಿಗೇ ಗುಂಡಿ ಒತ್ತಿ ತೋರಿಸಬೇಕೆಂದೂ ಬರೆದೆವು. ಹಾಳೆಯಲ್ಲಿ ಇನ್ನೆರಡು ಆಸೆಗಳಿದ್ದವು. ಆಕೆ ಅವನ್ನು ಹೊಡೆದುಹಾಕಿ, "ಇವು ಥೀಮಿನ ಕೆಲಸ ಅಲ್ರೀ, ನನಗ ರೊಕ್ಕ ಕೊಡಬ್ಯಾಡ್ರಿ" ಎಂದಳು. ಆಕೆ ತಕ್ಕವಳೆಂದು ನನಗೆ ಗಟ್ಟಿಯಾದುದು ಆಗಲೇ. ಬೇಡವೆನ್ನಬಲ್ಲ ಕೆಲಸಗಾರರು ಅಪರೂಪ.

ಕೆಲಸ ನಡೆದ ಕ್ರಮವೂ ಪ್ರಯೋಗಶಾಲೆಯ ಕ್ರಮವೇ. ನಡೆಯುತ್ತಿರುವ ಅಂಗಡಿಯನ್ನು ಮುಟ್ಟದೆ ಅದರ ನಕಲನ್ನು ಬೇರೆಡೆ ಇಟ್ಟು ಅದರ ಮೇಲೆ ತಿದ್ದುವುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಅಳೆಯುವುದು. ಪ್ರತಿಯೊಂದು ಬದಲಾವಣೆಯನ್ನೂ ದಿನಾಂಕ ಕಾರಣಗಳೊಡನೆ ದಾಖಲುಮಾಡುವುದು. ಈ ದಾಖಲೆಗೆ ಗಿಟ್ ಎಂಬ ಸಾಧನವಿದೆ. ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ಅದನ್ನು ರಚಿಸಿದರು. ಯಾವ ದಿನದ ಸ್ಥಿತಿಗಾದರೂ ಅದರಿಂದ ಹಿಂದಿರುಗಬಹುದು. ಹುಡುಗನು ತನ್ನ ಯಜಮಾನ ಪಾಸ್‌ವರ್ಡನ್ನು ಕೊಡಲು ಹೊರಟಿದ್ದ. ಆಕೆಯೇ ತಡೆದು, ತನಗೆ ಬೇರೆ ಖಾತೆಯನ್ನು ಮಾಡಿಕೊಟ್ಟು ಕೆಲಸ ಮುಗಿದ ದಿನ ಅಳಿಸಿಹಾಕಲು ಹೇಳಿದಳು. ಅಂಗಡಿಯ ಜಾಲವಿಳಾಸ ಯಾರ ಹೆಸರಿನಲ್ಲಿ ನೋಂದಾಯಿತವಾಗಿದೆ ಎಂದು ನೋಡಿದರೆ, ಅದು ಮೊದಲನೆಯ ಡೆವಲಪರನ ಹೆಸರಿನಲ್ಲಿತ್ತು. ಅವನು ಸಜ್ಜನ, ಕೇಳಿದೊಡನೆ ವರ್ಗಾಯಿಸಿಕೊಟ್ಟ. ಕೊಡದಿದ್ದರೆ ಅಂಗಡಿಯ ಹಲಗೆಯೇ ಕೈತಪ್ಪುತ್ತಿತ್ತು.

ಕಾನೂನಿನ ಒಂದು ವಿಷಯವನ್ನು ಹೇಳದೆ ಬಿಡಬಾರದು. ಹಣ ಕೊಟ್ಟವನದೇ ವಸ್ತು ಎಂದು ಬಹಳ ಜನ ತಿಳಿದಿರುವರು. 1957ರ ಭಾರತೀಯ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಗಣಕದ ಕ್ರಮವಿಧಿಯೂ ಸಾಹಿತ್ಯಕೃತಿಯೇ. ಸಂಬಳದ ನೌಕರನು ನೌಕರಿಯ ಭಾಗವಾಗಿ ಬರೆದುದರ ಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದರೆ, ಯಜಮಾನನದು. ಆದರೆ ಹೊರಗಿನಿಂದ ಗುತ್ತಿಗೆಯ ಮೇಲೆ ಬಂದವರು ಬರೆದುದರ ಸ್ವಾಮ್ಯ ಸಾಮಾನ್ಯವಾಗಿ ಬರೆದವರಲ್ಲಿಯೇ ಉಳಿಯುತ್ತದೆ. ಅದನ್ನು ವರ್ಗಾಯಿಸುವುದಾದರೆ 19ನೆಯ ಕಲಮಿನಂತೆ ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷ ಮಾತ್ರವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಅರ್ಥಮಾಡಲಾಗುವುದು. ದುಬೈಗೂ ಮಾರುವ ಅಂಗಡಿಗೆ ಇದು ಸಣ್ಣ ಮಾತಲ್ಲ. ನಾವು ಬರೆಸಿಕೊಂಡದ್ದು ಅರ್ಧ ಪುಟ. ಹಣವನ್ನು ಮೂರು ಕಂತಿನಲ್ಲಿ ಕೊಟ್ಟೆವು. ಕಡೆಯ ಕಂತು ಅಪ್‌ಡೇಟ್ ಪರೀಕ್ಷೆಯ ಮೇಲೆ.

ಆ ಪರೀಕ್ಷೆ ದೀಪಾವಳಿಗೆ ಆಗಲಿಲ್ಲ; ಹಬ್ಬದ ವ್ಯಾಪಾರ ತಪ್ಪಿಯೇ ಹೋಯಿತು. ಸಂಕ್ರಾಂತಿಯ ಹೊತ್ತಿಗೆ ರಂಗಂಪೇಟೆಯ ಅಂಗಡಿಯಲ್ಲಿ ಕುಳಿತು ಗುಂಡಿಯನ್ನು ಒತ್ತಿದೆವು. ಅಂಗಡಿ ಹಾಗೆಯೇ ನಿಂತಿತು.

ಒಂದು ತೊಡಕು ಇನ್ನೂ ಉಳಿದಿದೆ. ಪುಣೆಯಿಂದ ಒಬ್ಬ ಗಿರಾಕಿ 'ಇಳಕಲ್ ಸೀರೆ' ಎಂದು ಬರೆದು ಹುಡುಕಿದರೆ ಏನೂ ಸಿಗಲಿಲ್ಲವಂತೆ. ಅದೇ ಮಾತನ್ನು ನಮ್ಮ ಹುಡುಗ ಬರೆದರೆ ನಲವತ್ತು ಸೀರೆಗಳು ಬಂದವು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಎಷ್ಟು ನೋಡಿದರೂ ಕಣ್ಣಿಗೆ ವ್ಯತ್ಯಾಸವಿಲ್ಲ. ಸಂಕೇತಗಳನ್ನು ಎಣಿಸಿದಾಗ ಒಂದರಲ್ಲಿ 10, ಇನ್ನೊಂದರಲ್ಲಿ 11. ಕೆಲವು ಕೀಲಿಮಣೆಗಳು ಅರ್ಧಾಕ್ಷರದ ಬಳಿಕ, ಮುಂದಿನ ಅಕ್ಷರದೊಡನೆ ಕೂಡದಿರಲೆಂದು, ಅಗಲವೇ ಇಲ್ಲದ ಒಂದು ಅದೃಶ್ಯ ಸಂಕೇತವನ್ನು ಸೇರಿಸುತ್ತವೆ. ಅದನ್ನು ಹುಡುಕುವ ಮುನ್ನ ಜರಡಿಹಿಡಿಯಬೇಕು. ಅದು ಥೀಮಿನ ಕೆಲಸವಲ್ಲವೆಂದು ಹುಬ್ಬಳ್ಳಿಯಿಂದ ಆಗಲೇ ಉತ್ತರ ಬಂದಿದೆ. ಸದ್ಯಕ್ಕೆ ಹುಡುಗನು ಪ್ರತಿಯೊಂದು ಸೀರೆಯ ವಿವರಣೆಯಲ್ಲಿಯೂ ಊರಿನ ಹೆಸರನ್ನು ಎರಡು ಸಲ ಬರೆಯುತ್ತಿದ್ದಾನೆ, ಒಂದು ಸಲ ಆ ಸಂಕೇತದೊಡನೆ, ಒಂದು ಸಲ ಇಲ್ಲದೆ.